ಹಳೇ ರೈಲು ನಿಲ್ದಾಣಕ್ಕೆ ಸಾರ್ವಜನಿಕ ಹಣ: ಮೊದಲು ಸೂರು, ಆಮೇಲೆ ಬಣ್ಣ

ಓದುಗರ ಪ್ರಶ್ನೆ: ನಾನು ನಿವೃತ್ತ ಶಾಲಾ ಮೇಷ್ಟ್ರು. ನಮ್ಮ ಊರಿನ ರೈಲು ನಿಲ್ದಾಣಕ್ಕೆ ನೂರು ವರ್ಷ ದಾಟಿದೆ. ರೈಲು ನಿಂತು 28 ವರ್ಷವಾಯಿತು. ಇಟ್ಟಿಗೆ ಗೋಡೆ, ಎರಕದ ಕಬ್ಬಿಣದ ಕಂಬಗಳು, ಟಿಕೆಟ್ ಕೊಡುತ್ತಿದ್ದ ಕಿಂಡಿ ಎಲ್ಲ ಇನ್ನೂ ಇವೆ. ಆದರೆ ಪ್ರಯಾಣಿಕರು ಕೂರುತ್ತಿದ್ದ ಹಾಲ್‌ನ ಚಾವಣಿ ಒಂದು ಮೂಲೆಯಲ್ಲಿ ಕುಸಿದಿದೆ. ಸಾರ್ವಜನಿಕ ಹಣದಲ್ಲಿ ಇದನ್ನು ಸರಿಪಡಿಸಬೇಕು ಅಂತ ನಾವು ಹತ್ತು ಜನ ಸೇರಿ ಸಮಿತಿ ಮಾಡಿಕೊಂಡಿದ್ದೇವೆ. ಈಗ ಊರಲ್ಲಿ ಎರಡು ಪಂಗಡ. "ಶಾಲೆ ಸೋರುತ್ತಿರುವಾಗ ಸತ್ತ ಸ್ಟೇಷನ್ನಿಗೆ ದುಡ್ಡು ಯಾಕೆ?" ಅನ್ನುತ್ತಾರೆ ಹಲವರು. ಗುತ್ತಿಗೆದಾರರೊಬ್ಬರು "ಕೆಡವಿ ಅದೇ ಥರ ಹೊಸದು ಕಟ್ಟಿದರೆ ಅರ್ಧ ಖರ್ಚಲ್ಲಿ ಮುಗಿಯುತ್ತೆ" ಅಂದರು. ಪಾರಂಪರಿಕ ಕಟ್ಟಡ ಅಂತ ಘೋಷಿಸಿದರೆ ಆಮೇಲೆ ಒಂದು ಮೊಳೆ ಹೊಡೆಯುವುದಕ್ಕೂ ಬಿಡುವುದಿಲ್ಲವಂತೆ. ಹೂಡಿಕೆದಾರರೊಬ್ಬರು ಮಾಲ್ ಮಾಡುತ್ತೇನೆ ಅಂತ ಬಂದಿದ್ದಾರೆ. ನಾವು ಹಣ ಕೇಳುವುದು ನ್ಯಾಯವೇ? ಎಷ್ಟು ಕೇಳಬೇಕು? ಎಲ್ಲಿ ಎಡವುವ ಸಾಧ್ಯತೆ ಇದೆ?

ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೂರು ಪ್ರಶ್ನೆ ಕೇಳಿದ್ದೀರಿ. ಆದರೆ ನಿಮ್ಮನ್ನು ನಿಜವಾಗಿ ಕಾಡುತ್ತಿರುವುದು ಒಂದೇ ಅನ್ನಿಸುತ್ತದೆ. ಊರಿನ ಹಣ ತಂದು ಹಾಕಿ, ಹತ್ತು ವರ್ಷದ ಮೇಲೆ ಅದು ಮತ್ತೆ ಪಾಳು ಬಿದ್ದರೆ ಜನರಿಗೆ ಏನು ಹೇಳುವುದು? ಆ ಭಯ ಸರಿಯಾದದ್ದೇ. ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿದ್ದೇನೆ. ಹಣ ಸಿಗದೆ ಬಿದ್ದ ಕಟ್ಟಡಗಳನ್ನು ನೋಡಿದ್ದೇನೆ. ಹಣ ಸಿಕ್ಕಿ, ಉದ್ಘಾಟನೆ ಆಗಿ, ಆಮೇಲೆ ಬಿದ್ದವನ್ನೂ ನೋಡಿದ್ದೇನೆ. ಎರಡನೇ ಥರದ್ದೇ ಮನಸ್ಸಿಗೆ ಜಾಸ್ತಿ ನೋವು ಕೊಡುತ್ತದೆ.

ಹಾಗಾಗಿ ನನ್ನ ಉತ್ತರದ ತಿರುಳನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲು ಸಣ್ಣ ಹಣ ಕೇಳಿ, ಅದನ್ನು ಸೂರಿಗೆ ಹಾಕಿ. ದೊಡ್ಡ ಹಣ ಕೇಳುವ ಮುಂಚೆ, ಕೆಲಸ ಮುಗಿದ ಮೇಲಿನ ಹತ್ತು ವರ್ಷದ ಖರ್ಚನ್ನು ಯಾರು ಕೊಡುತ್ತಾರೆ ಅನ್ನುವುದನ್ನು ಬರಹದಲ್ಲಿ ಇಟ್ಟುಕೊಳ್ಳಿ.

ಶಾಲೆಯ ಮಾತಿಗೆ ಏನು ಉತ್ತರ?

ಶಾಲೆ ಸೋರುತ್ತಿದೆ ಅನ್ನುವವರನ್ನು ವಿರೋಧಿಗಳು ಅಂತ ನೋಡಬೇಡಿ. ನೀವೇ ಮೇಷ್ಟ್ರಾಗಿದ್ದವರು, ಆ ಮಾತಿನ ತೂಕ ನಿಮಗೇ ಗೊತ್ತು. ಅದಕ್ಕೆ ಎರಡು ಉತ್ತರಗಳಿವೆ. ಯಾವುದು ನಿಮಗೆ ಹೊಂದುತ್ತದೆ ಅನ್ನುವುದು ಹಣ ಎಲ್ಲಿಂದ ಬರುತ್ತದೆ ಅನ್ನುವುದರ ಮೇಲೆ ನಿಂತಿದೆ.

ಕೆಲವು ಹಣಕ್ಕೆ ಹುಟ್ಟಿನಿಂದಲೇ ಹಣೆಪಟ್ಟಿ ಇರುತ್ತದೆ. ಅಮೆರಿಕದಲ್ಲಿ 1991ರಲ್ಲಿ ಬಂದ ಸಾರಿಗೆ ಕಾಯ್ದೆ ಹೆದ್ದಾರಿ ಮತ್ತು ಸಾರಿಗೆಯ ಹಣದಲ್ಲಿ ಒಂದು ಭಾಗವನ್ನು ಬೇರೆ ತೆಗೆದಿಟ್ಟಿತು. ಹಳೆಯ ರೈಲು ನಿಲ್ದಾಣಗಳ ದುರಸ್ತಿಯೂ ಆ ಪಟ್ಟಿಯಲ್ಲಿತ್ತು. ಎಷ್ಟೋ ಸಣ್ಣ ಊರುಗಳ ನಿಲ್ದಾಣಗಳು ಉಳಿದದ್ದು ಹೀಗೆ. ಬ್ರಿಟನ್ನಿನಲ್ಲಿ ಲಾಟರಿ ಟಿಕೆಟ್ ಮಾರಾಟದ ಒಂದು ಪಾಲು ಪರಂಪರೆಯ ನಿಧಿಗೆ ಹೋಗುತ್ತದೆ. ಇಂಥ ಹಣವನ್ನು ನೀವು ತರದಿದ್ದರೆ ಅದು ಶಾಲೆಗೆ ಹೋಗುವುದಿಲ್ಲ, ಇನ್ನೊಂದು ಊರಿನ ಹಳೆಯ ಕಟ್ಟಡಕ್ಕೆ ಹೋಗುತ್ತದೆ. ಇದನ್ನು ಊರಿನ ಸಭೆಯಲ್ಲಿ ಲೆಕ್ಕದ ಹಾಳೆ ಹಿಡಿದೇ ತೋರಿಸಬಹುದು.

ಆದರೆ ನಿಮ್ಮ ಪುರಸಭೆಯ ಸಾಮಾನ್ಯ ಬೊಕ್ಕಸದಿಂದಲೇ ಹಣ ಬರುವುದಾದರೆ, ಶಾಲೆಯವರ ಮಾತು ನಿಜ. ಒಂದೇ ಮಡಕೆ, ಎರಡು ಬಾಯಿ. ಆಗ "ಇದು ನಮ್ಮ ಹೆಮ್ಮೆ" ಅಂದರೆ ಸಾಲದು. ಈ ಕಟ್ಟಡ ಊರಿಗೆ ಏನು ಕೆಲಸ ಮಾಡಿಕೊಡುತ್ತದೆ ಅನ್ನುವುದನ್ನು ಹೇಳಬೇಕು. ಊರಿಗೆ ಹೇಗೂ ಬೇಕಾಗಿರುವ ಯಾವುದಾದರೂ ಒಂದು ಜಾಗ, ಗ್ರಂಥಾಲಯವೋ ಚಿಕಿತ್ಸಾಲಯವೋ ಕಚೇರಿಯೋ, ಇದರೊಳಗೆ ಬಂದರೆ ಹೊಸ ಕಟ್ಟಡದ ಖರ್ಚು ಉಳಿಯುತ್ತದೆ. ಆಗ ಲೆಕ್ಕವೇ ಬೇರೆ.

ಅಮೆರಿಕದ ಸಿನ್ಸಿನಾಟಿ ಊರಿನವರು ಈ ಪ್ರಶ್ನೆಯನ್ನು ನೇರವಾಗಿ ಜನರ ಮುಂದೆಯೇ ಇಟ್ಟರು. ಅಲ್ಲಿನ ಯೂನಿಯನ್ ಟರ್ಮಿನಲ್ 1933ರದ್ದು. ಅರ್ಧ ಗೋಳದಂಥ ದೊಡ್ಡ ಗುಮ್ಮಟ. 1972ರಲ್ಲಿ ಪ್ರಯಾಣಿಕರ ರೈಲು ನಿಂತಿತು. 1980ರಲ್ಲಿ ಅದನ್ನು ಶಾಪಿಂಗ್ ಮಾಲ್ ಮಾಡಿದರು. ಕೆಲವೇ ವರ್ಷದಲ್ಲಿ ಅಂಗಡಿಗಳು ಖಾಲಿಯಾದವು. 1990ರಲ್ಲಿ ಮ್ಯೂಸಿಯಂಗಳು ಬಂದವು, ಜನ ಬರತೊಡಗಿದರು. ಮರುವರ್ಷ ರೈಲೂ ಮರಳಿತು. ಆದರೆ ನೀರು ಒಳಗೆ ಇಳಿದು ಉಕ್ಕಿನ ತೊಲೆಗಳು ತುಕ್ಕು ಹಿಡಿದಿದ್ದವು. 2014ರ ನವೆಂಬರ್‌ನಲ್ಲಿ ಮತದಾನ ನಡೆಯಿತು. ಒಂದು ಡಾಲರ್ ಖರೀದಿಗೆ ಕಾಲು ಸೆಂಟ್ ಹೆಚ್ಚು ತೆರಿಗೆ, ಐದೇ ವರ್ಷ, ಈ ಕಟ್ಟಡಕ್ಕೆ ಮಾತ್ರ. ಜನ ಒಪ್ಪಿದರು. ಇನ್ನುಳಿದದ್ದು ತೆರಿಗೆ ವಿನಾಯಿತಿಯಿಂದ, ದಾನಿಗಳಿಂದ ಬಂತು. ಸುಮಾರು 22.8 ಕೋಟಿ ಡಾಲರ್ ಕೆಲಸ. 2018ರ ನವೆಂಬರ್‌ನಲ್ಲಿ ಬಾಗಿಲು ತೆರೆಯಿತು.

ಜನ ಯಾಕೆ ಒಪ್ಪಿದರು? ತೆರಿಗೆಗೆ ಕೊನೆಯ ದಿನ ಇತ್ತು. ಹಣ ಬೇರೆ ಕಡೆ ಹರಿಯುವಂತಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಟ್ಟಡ ಅಷ್ಟರಲ್ಲಾಗಲೇ ಬಳಕೆಯಲ್ಲಿತ್ತು. ಎಷ್ಟೋ ಮಕ್ಕಳು ಅಲ್ಲಿಗೆ ಹೋಗಿ ಬಂದಿದ್ದರು. ಜನ ಖಾಲಿ ಕಟ್ಟಡಕ್ಕಲ್ಲ, ತಮಗೆ ಗೊತ್ತಿದ್ದ ಜಾಗಕ್ಕೆ ಮತ ಹಾಕಿದರು. ನಿಮ್ಮ ಸಮಿತಿಗೆ ಇದರಲ್ಲಿ ದೊಡ್ಡ ಸುಳಿವಿದೆ. ಮುಂದೆ ಹೇಳುತ್ತೇನೆ.

ಕೇಳಿದ ಮಾತುಗಳಲ್ಲಿ ನಿಜ ಎಷ್ಟು?

"ಕೆಡವಿ ಅದೇ ಥರ ಕಟ್ಟೋಣ" ಅನ್ನುವುದನ್ನು ಮೊದಲು ನೋಡೋಣ. ಅರ್ಧ ಖರ್ಚಲ್ಲಿ ಮುಗಿಯಬಹುದು, ಸುಳ್ಳಲ್ಲ. ಆದರೆ ಅದು ಅದೇ ಕಟ್ಟಡ ಆಗುವುದಿಲ್ಲ. ಪರಂಪರೆಗೆ ಅಂತ ಇರುವ ಯಾವ ನಿಧಿಯೂ ನಕಲಿಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಊಹೆ ಎಲ್ಲಿ ಶುರುವಾಗುತ್ತದೋ ಅಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಅಂತ 1964ರ ವೆನಿಸ್ ಸನ್ನದು, ಅಂದರೆ ಹಳೆಯ ಕಟ್ಟಡಗಳ ರಕ್ಷಣೆಗೆ ತಜ್ಞರು ಒಪ್ಪಿಕೊಂಡ ಸೂತ್ರಗಳ ಪತ್ರ, ಹೇಳುತ್ತದೆ. ಈ ಕ್ಷೇತ್ರದಲ್ಲಿ ಇವತ್ತಿಗೂ ಅದೇ ಅಡಿಗಲ್ಲು. ಹಾಗಾಗಿ ಕೆಡವಿದ ದಿನವೇ ನಿಮ್ಮ ಅರ್ಧ ದಾರಿಗಳು ಮುಚ್ಚಿಹೋಗುತ್ತವೆ. ಗುತ್ತಿಗೆದಾರರ ಅರ್ಧ ಖರ್ಚನ್ನು ಆಮೇಲೆ ಊರೇ ಪೂರ್ತಿ ಭರಿಸಬೇಕಾಗುತ್ತದೆ.

"ಘೋಷಣೆಯಾದರೆ ಮೊಳೆ ಹೊಡೆಯೋಕೂ ಆಗಲ್ಲ" ಅನ್ನುವುದು ನಾನು ಅತಿ ಹೆಚ್ಚು ಕೇಳಿರುವ ಮಾತು. ನಿಯಮ ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಆದರೆ ಬಹುತೇಕ ಕಡೆ ಅದರ ಅರ್ಥ ಒಂದೇ: ಬದಲಾವಣೆ ಮಾಡುವ ಮುಂಚೆ ಕೇಳಿ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣ 1868ರದ್ದು. ಕೆಡವುವ ಮಾತು ನಡೆಯುತ್ತಿತ್ತು. 1967ರಲ್ಲಿ ಅದಕ್ಕೆ ಅಲ್ಲಿನ ಅತ್ಯುನ್ನತ ದರ್ಜೆಯ ರಕ್ಷಣೆ ಸಿಕ್ಕಿತು. ಹಾಗಾದರೆ ಅದು ಗಾಜಿನ ಪೆಟ್ಟಿಗೆಯೊಳಗೆ ಹೋಯಿತಾ? ಇಲ್ಲ. ಪ್ಲಾಟ್‌ಫಾರ್ಮ್ ಕೆಳಗೆ ಒಂದು ನೆಲಮಾಳಿಗೆ ಇತ್ತು. ಬರ್ಟನ್ ಊರಿನಿಂದ ರೈಲಲ್ಲಿ ಬರುತ್ತಿದ್ದ ಬಿಯರ್ ಪೀಪಾಯಿಗಳನ್ನು ಇಡುವುದಕ್ಕೆ ಕಟ್ಟಿದ್ದು. ಅಲ್ಲಿನ ಕಂಬಗಳ ನಡುವಿನ ಅಂತರವನ್ನೂ ಪೀಪಾಯಿಯ ಅಳತೆ ನೋಡಿಯೇ ಇಟ್ಟಿದ್ದರು. ದುರಸ್ತಿ ಮಾಡುವಾಗ ಮೇಲಿನ ನೆಲವನ್ನೇ ಕತ್ತರಿಸಿ ಬೆಳಕು ಕೆಳಗಿಳಿಸಿದರು. 2007ರ ನವೆಂಬರ್‌ನಿಂದ ಅಂತಾರಾಷ್ಟ್ರೀಯ ರೈಲಿನ ಪ್ರಯಾಣಿಕರು ಆ ಪೀಪಾಯಿಗಳ ಜಾಗದಲ್ಲೇ ಓಡಾಡುತ್ತಾರೆ. ಅಷ್ಟು ದೊಡ್ಡ ಬದಲಾವಣೆಗೆ ಒಪ್ಪಿಗೆ ಸಿಕ್ಕಿತು. ಯಾಕೆ ಬೇಕು, ಏನು ಕಳೆದುಹೋಗುತ್ತದೆ, ಏನು ಉಳಿಯುತ್ತದೆ ಅನ್ನುವುದಕ್ಕೆ ಅವರ ಹತ್ತಿರ ಉತ್ತರ ಇತ್ತು, ಅದಕ್ಕೇ. ಹಾಗಂತ ಘೋಷಣೆಯಿಂದ ತೊಂದರೆಯೇ ಇಲ್ಲ ಅಂತ ನಾನು ಹೇಳುವುದಿಲ್ಲ. ಸಮಯ ಹಿಡಿಯುತ್ತದೆ. ಕಾಗದಪತ್ರ ಜಾಸ್ತಿ. ಸಾಮಾನುಗಳ ಆಯ್ಕೆ ಕಮ್ಮಿ. ಆದರೆ ಪರಂಪರೆಯ ಬಹುತೇಕ ನಿಧಿಗಳ ಬಾಗಿಲು ತೆರೆಯುವ ಕೀಲಿಯೂ ಅದೇ.

ಇನ್ನೊಂದು ಮಾತನ್ನು ನೀವು ಬರೆದಿಲ್ಲ. ಆದರೆ ಇಂಥ ಪ್ರತಿ ಸಮಿತಿಯ ಮನಸ್ಸಿನಲ್ಲೂ ಅದು ಇರುತ್ತದೆ: ನಿಲ್ದಾಣ ಸರಿಹೋದರೆ ರೈಲು ಮತ್ತೆ ಬರುತ್ತದೆ. ದಯವಿಟ್ಟು ಅರ್ಜಿಯಲ್ಲಿ ಇದನ್ನು ಬರೆಯಬೇಡಿ. ರೈಲು ಬರುವುದು ಹಳಿ, ಬಂಡಿ, ಪ್ರಯಾಣಿಕರ ಲೆಕ್ಕದ ಮೇಲೆ. ಸ್ಪೇನ್ ದೇಶದ ಕಾನ್‌ಫ್ರಾಂಕ್ ನಿಲ್ದಾಣ ಪಿರನೀಸ್ ಬೆಟ್ಟಗಳ ನಡುವೆ, ಫ್ರಾನ್ಸಿನ ಗಡಿಯ ಹತ್ತಿರ ಇದೆ. 1928ರಲ್ಲಿ ಉದ್ಘಾಟನೆ ಆಯಿತು. ಕಟ್ಟಡ ಹೆಚ್ಚುಕಮ್ಮಿ 240 ಮೀಟರ್ ಉದ್ದ. 1970ರ ಮಾರ್ಚ್‌ನಲ್ಲಿ ಫ್ರಾನ್ಸ್ ಕಡೆ ಒಂದು ಗೂಡ್ಸ್ ರೈಲು ಹಳಿ ತಪ್ಪಿ ಸೇತುವೆಯೊಂದು ಮುರಿದುಬಿತ್ತು. ಆ ಸೇತುವೆಯನ್ನು ಮತ್ತೆ ಕಟ್ಟಲಿಲ್ಲ. ಅಷ್ಟಕ್ಕೇ ಆ ಅರಮನೆಯಂಥ ಕಟ್ಟಡದ ಕೆಲಸ ಹೋಯಿತು. ದಶಕಗಳ ಕಾಲ ಹಿಮ, ನೀರು, ಕಳ್ಳರು. ಕೊನೆಗೆ ಅಲ್ಲಿನ ಪ್ರಾಂತೀಯ ಸರ್ಕಾರ ಅದನ್ನು ಕೈಗೆ ತೆಗೆದುಕೊಂಡಿತು. 2023ರಲ್ಲಿ ಅದು ಹೋಟೆಲ್ ಆಗಿ ತೆರೆಯಿತು. ಸ್ಪೇನಿನೊಳಗಿನ ರೈಲಿಗೆ ಪಕ್ಕದಲ್ಲೇ ಸಣ್ಣ ಹೊಸ ನಿಲ್ದಾಣ ಕಟ್ಟಿದ್ದಾರೆ. ಆದರೆ ಗಡಿ ದಾಟುವ ರೈಲು ಮಾತ್ರ ಇನ್ನೂ ಮರಳಿಲ್ಲ. ಕಟ್ಟಡ ಉಳಿದದ್ದು ರೈಲಿಗೆ ಕಾಯುವುದನ್ನು ಬಿಟ್ಟ ಮೇಲೆ.

ನಿಲ್ದಾಣ ಹಾಳಾಗುವುದು ಹೇಗೆ?

ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಹಣ ಸೋರುವುದು ಇಲ್ಲೇ.

ಒಮ್ಮೆ ಒಂದು ಹಳೆಯ ನಿಲ್ದಾಣ ನೋಡಲು ನನ್ನನ್ನು ಕರೆದಿದ್ದರು. ಸಾರ್ವಜನಿಕ ಹಣದಲ್ಲಿ ಚೆನ್ನಾಗಿ ದುರಸ್ತಿ ಮಾಡಿದ್ದರು. ಹೊಸ ಗಾರೆ, ಹೊಸ ಬಣ್ಣ, ದೀಪ. ಎರಡು ಮಳೆಗಾಲ ಕಳೆದ ಮೇಲೆ ಗೋಡೆಯ ಬಣ್ಣ ಬೊಬ್ಬೆ ಎದ್ದಿತ್ತು. ಕಂಬಗಳ ಬುಡದಲ್ಲಿ ಕಂದು ಕಲೆ. ಬಣ್ಣದ ಗುಣಮಟ್ಟ ಸರಿಯಿಲ್ಲ ಅಂತ ಎಲ್ಲರೂ ಬಣ್ಣದವನನ್ನು ಬೈಯುತ್ತಿದ್ದರು. ನಾನು ಕಂಬದ ಮೇಲೆ ಬೆರಳ ಗೆಣ್ಣಿನಿಂದ ತಟ್ಟುತ್ತಾ ಕೆಳಗಿಳಿದೆ. ಮೇಲೆ ಟಣ್ ಅನ್ನುತ್ತಿತ್ತು. ಸೊಂಟದ ಮಟ್ಟಕ್ಕೆ ಬಂದಾಗ ಸದ್ದು ಸತ್ತಿತು.

ಹಳೆಯ ನಿಲ್ದಾಣಗಳಲ್ಲಿ ಎರಕದ ಕಬ್ಬಿಣದ ಕಂಬ ಎಷ್ಟೋ ಸಲ ಒಳಗೆ ಟೊಳ್ಳಾಗಿರುತ್ತದೆ. ಅದು ಚಾವಣಿಯನ್ನು ಹೊರುವ ಕಂಬ ಮಾತ್ರ ಅಲ್ಲ, ಮಳೆನೀರು ಇಳಿಯುವ ಕೊಳವೆಯೂ ಹೌದು. ಆ ಕಾಲದ ಎಂಜಿನಿಯರುಗಳ ಜಾಣತನ ಅದು. ಹೊರಗೆ ಪೈಪ್ ಕಾಣುವುದಿಲ್ಲ. ಹಾಗಾಗಿ ಅಲ್ಲೊಂದು ಪೈಪ್ ಇದೆ ಅನ್ನುವುದೇ ಮರೆತುಹೋಗುತ್ತದೆ. ಬುಡದ ಮುಚ್ಚಳ ಬಿಚ್ಚಿಸಿದೆ. ಕೈ ಹಾಕಿದರೆ ಕಪ್ಪು ಕೆಸರು, ಕೊಳೆತ ಎಲೆ, ಪಾರಿವಾಳದ ಗರಿ. ಮುಷ್ಟಿಗಟ್ಟಲೆ ಬಂತು. ಕೆಸರಿನ ನಡುವೆ ಒಂದು ಹಿತ್ತಾಳೆಯ ಗುಂಡಿ ಸಿಕ್ಕಿತು. ಯಾರದೋ ಸಮವಸ್ತ್ರದ್ದು. ನೀರು ಕೆಳಗೆ ಹೋಗಲಾಗದೆ ಕಂಬದೊಳಗೇ ನಿಂತು, ಜೋಡಣೆಯ ಸಂದಿಗಳಿಂದ ಒಸರಿ, ಗೋಡೆಗೆ ಇಳಿಯುತ್ತಿತ್ತು. ಅಷ್ಟು ಖರ್ಚಿನ ದುರಸ್ತಿಯಲ್ಲಿ ಆ ಮುಚ್ಚಳವನ್ನು ಒಬ್ಬರೂ ತೆಗೆದು ನೋಡಿರಲಿಲ್ಲ. ಆ ಗುಂಡಿ ಈಗಲೂ ನನ್ನ ಮೇಜಿನ ಮೇಲಿದೆ.

ನೀರು ಎಲ್ಲಿ ಒಳಗೆ ಬರುತ್ತದೋ ಅಲ್ಲಿ ಎಲ್ಲವೂ ಶುರು. ಮರ ಕೊಳೆಯುತ್ತದೆ. ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಕೇಳುತ್ತದೆ. ಹಾಗಾಗಿ ಗೋಡೆಯೊಳಗೆ ಹುದುಗಿದ ತೊಲೆ ಇಟ್ಟಿಗೆಯನ್ನೇ ಎತ್ತಿ ಸೀಳಿಬಿಡುತ್ತದೆ.

ಇದರ ಜೊತೆಗೆ ಸಿಮೆಂಟಿನ ಕಾಟ. ಹಳೆಯ ಇಟ್ಟಿಗೆ ಗೋಡೆಯನ್ನು ಸುಣ್ಣದ ಗಾರೆಯಲ್ಲಿ ಕಟ್ಟಿರುತ್ತಾರೆ. ಅದು ಮೆತ್ತನೆಯದು, ಉಸಿರಾಡುತ್ತದೆ. ಗೋಡೆಗೆ ಸೇರಿದ ತೇವ ಗಾರೆಯ ಸಂದಿಯಿಂದ ಹೊರಗೆ ಹೋಗುತ್ತದೆ. ಅದರ ಮೇಲೆ ಗಟ್ಟಿ ಸಿಮೆಂಟ್ ಬಳಿದರೆ ಆ ಬಾಗಿಲು ಮುಚ್ಚುತ್ತದೆ. ತೇವ ಇಟ್ಟಿಗೆಯ ಮೂಲಕವೇ ಹೊರಡಬೇಕು. ಅದರ ಜೊತೆ ಬಂದ ಉಪ್ಪು ಇಟ್ಟಿಗೆಯ ಮುಖದ ಹಿಂದೆ ಹರಳುಗಟ್ಟಿ, ಪದರ ಪದರವಾಗಿ ಉದುರಿಸುತ್ತದೆ. ಕೊನೆಗೆ ಸಿಮೆಂಟಿನ ಗೆರೆಗಳು ಮಾತ್ರ ಜೇನುಗೂಡಿನ ಹಾಗೆ ನಿಂತಿರುತ್ತವೆ, ಇಟ್ಟಿಗೆ ಒಳಗೆ ಕರಗಿರುತ್ತದೆ. ಮರಳು ಸಿಡಿಸಿ ಗೋಡೆ ತೊಳೆಯುವುದೂ ಹೀಗೇ. ಇಟ್ಟಿಗೆಯ ಸುಟ್ಟ ತೊಗಲು ಹೋದರೆ ಒಳಗಿನದು ಮೆತ್ತಗೆ, ಸ್ಪಂಜಿನ ಹಾಗೆ. ಯಾರಾದರೂ "ಒಂದು ವಾರದಲ್ಲಿ ಹೊಸದರ ಹಾಗೆ ಮಾಡಿಕೊಡ್ತೀನಿ" ಅಂದರೆ ಕೈಮುಗಿದು ಕಳಿಸಿ.

ನಿಲ್ದಾಣಗಳಿಗೇ ಸೇರಿದ ಇನ್ನಷ್ಟು ವಿಷಯಗಳೂ ಇವೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು. ಶೀಟುಗಳಲ್ಲಿ, ಬಾಯ್ಲರಿನ ಹೊದಿಕೆಯಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು. ಹಳಿಯ ಮಣ್ಣಿನಲ್ಲಿ ಎಣ್ಣೆ, ಕಲ್ಲಿದ್ದಲ ಬೂದಿ, ಸ್ಲೀಪರುಗಳಿಗೆ ಹಾಕಿದ ಮದ್ದು, ಕಳೆನಾಶಕ ಎಲ್ಲ ಸೇರಿರುತ್ತದೆ. ಇವನ್ನು ತೆಗೆಯುವ ಖರ್ಚು ಕೆಲವು ಸಲ ಚಾವಣಿಯ ಖರ್ಚನ್ನೇ ಮೀರುತ್ತದೆ. ಕಟ್ಟಡ ನಿಮ್ಮ ಕೈಗೆ ಬರುವ ಮುಂಚೆ ಮಣ್ಣು, ಬಣ್ಣ ಎರಡನ್ನೂ ಪರೀಕ್ಷೆ ಮಾಡಿಸಿ. ಸಹಿ ಹಾಕಿದ ಮೇಲೆ ಅದು ನಿಮ್ಮ ತಲೆನೋವು.

ನಿಮ್ಮ ಮುಂದಿರುವ ದಾರಿಗಳು

ಮೊದಲನೆಯದು, ಸದ್ಯಕ್ಕೆ ಸುಮ್ನೆ ಕಾಪಾಡಿ ಇಡುವುದು. ಕುಸಿದ ಮೂಲೆಗೆ ತಾತ್ಕಾಲಿಕ ಸೂರು, ದುರ್ಬಲ ತೊಲೆಗೆ ಊರೆಗೋಲು, ನೀರು ಹೋಗುವ ದಾರಿಗಳೆಲ್ಲ ಸ್ವಚ್ಛ, ಕಿಟಕಿಗೆ ಗಾಳಿಯಾಡುವ ಹಾಗೆ ಹಲಗೆ, ತಿಂಗಳಿಗೊಮ್ಮೆ ಒಬ್ಬರು ಬಂದು ನೋಡುವ ವ್ಯವಸ್ಥೆ. ಪೂರ್ತಿ ದುರಸ್ತಿಯ ಮುಂದೆ ಇದು ತೀರಾ ಸಣ್ಣ ಹಣ. ಇದನ್ನು ಕೇಳಲು ಸಮಿತಿಗಳಿಗೆ ಯಾಕೋ ಸಂಕೋಚ. ಫೋಟೊದಲ್ಲಿ ಚೆನ್ನಾಗಿ ಕಾಣುವುದಿಲ್ಲ, ಉದ್ಘಾಟನೆಗೆ ಏನೂ ಇರುವುದಿಲ್ಲ. ಆದರೆ ನನ್ನ ಅನುಭವದಲ್ಲಿ ಹಳೆಯ ಕಟ್ಟಡಕ್ಕೆ ಹಾಕಿದ ಹಣದಲ್ಲಿ ಇದರಷ್ಟು ಫಲ ಕೊಡುವುದು ಇನ್ನೊಂದಿಲ್ಲ. ಐದೋ ಹತ್ತೋ ವರ್ಷದ ಸಮಯ ಸಿಗುತ್ತದೆ. ಅಪಾಯ ಒಂದೇ: ತಾತ್ಕಾಲಿಕವೇ ಶಾಶ್ವತವಾಗಿ, ಎಲ್ಲರೂ ಮರೆತುಬಿಡುವುದು.

ಎರಡನೆಯದು, ಸಾರ್ವಜನಿಕ ಹಣದಲ್ಲೇ ಪೂರ್ತಿ ದುರಸ್ತಿ. ಕಟ್ಟಡ ಜನರದ್ದಾಗಿಯೇ ಉಳಿಯುತ್ತದೆ, ಅದು ದೊಡ್ಡ ಲಾಭ. ಆದರೆ ಬಳಕೆ ಏನು ಅಂತ ಗೊತ್ತಿಲ್ಲದೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ವಾಷಿಂಗ್ಟನ್ನಿನ ಯೂನಿಯನ್ ಸ್ಟೇಷನ್ ನೋಡಿ. ಅಲ್ಲಿ ರೈಲು ಓಡುತ್ತಲೇ ಇತ್ತು. ಆದರೂ 1976ರಲ್ಲಿ, ದೇಶದ ಇನ್ನೂರನೇ ವರ್ಷದ ಸಂಭ್ರಮಕ್ಕೆ ಅಂತ, ಅದನ್ನು ಪ್ರವಾಸಿಗರ ಕೇಂದ್ರ ಮಾಡಿದರು. ಭವ್ಯವಾದ ಹಾಲ್‌ನ ನೆಲ ಅಗೆದು ಗುಂಡಿ ಮಾಡಿ, ಅದರೊಳಗೆ ಸ್ಲೈಡ್ ಶೋ ಇಟ್ಟರು. ಪ್ರಯಾಣಿಕರು ಕಟ್ಟಡವನ್ನು ಸುತ್ತಿಕೊಂಡು ಹಿಂಬದಿಯ ಸಣ್ಣ ನಿಲ್ದಾಣಕ್ಕೆ ನಡೆಯಬೇಕಾಯಿತು. ಜನ ಆ ಕೇಂದ್ರಕ್ಕೆ ಬರಲೇ ಇಲ್ಲ. 1978ರಲ್ಲಿ ಅದು ಮುಚ್ಚಿತು. 1981ರ ಹೊತ್ತಿಗೆ ಚಾವಣಿ ಸೋರಿ, ಗಾರೆ ಉದುರಿ, ಕಟ್ಟಡವನ್ನೇ ಮುಚ್ಚಬೇಕಾಯಿತು. ಅದೇ ವರ್ಷ ಹೊಸ ಕಾಯ್ದೆ ತಂದು, ಗುಂಡಿ ಮುಚ್ಚಿ, ರೈಲನ್ನೂ ಅಂಗಡಿಗಳನ್ನೂ ಮತ್ತೆ ಒಂದೇ ಸೂರಿನಡಿ ತಂದರು. 1988ರಲ್ಲಿ ತೆರೆಯಿತು. ಒಂದೇ ಕಟ್ಟಡಕ್ಕೆ ಎರಡು ಸಲ ಹಣ ಸುರಿದ ಹಾಗಾಯಿತು.

ಮೂರನೆಯದು, ಖಾಸಗಿಯವರ ಜೊತೆ ಸೇರುವುದು. ನಿಮ್ಮ ಮಾಲ್ ಹೂಡಿಕೆದಾರರು ಇಲ್ಲಿ ಬರುತ್ತಾರೆ. ಅವರನ್ನು ಓಡಿಸಿ ಅಂತ ಹೇಳಲಾರೆ. ಡೆಟ್ರಾಯಿಟ್‌ನ ಮಿಷಿಗನ್ ಸೆಂಟ್ರಲ್ ನಿಲ್ದಾಣದಲ್ಲಿ 1988ರಲ್ಲಿ ಕೊನೆಯ ರೈಲು ಹೊರಟಿತು. ಹಾಳುಬಿದ್ದ ಅದನ್ನು ಕೆಡವಿ ಅಂತ 2009ರಲ್ಲಿ ನಗರಸಭೆಯೇ ನಿರ್ಣಯ ಮಾಡಿತ್ತು. 2018ರಲ್ಲಿ ಫೋರ್ಡ್ ಕಂಪನಿ ಕೊಂಡಿತು. ಕೊಂಡ ಕೆಲವೇ ದಿನದಲ್ಲಿ ಯಾರೋ ಹೆಸರು ಹೇಳದೆ ಫೋನ್ ಮಾಡಿ, ವರ್ಷಗಳ ಹಿಂದೆ ಕದ್ದಿದ್ದ ನಿಲ್ದಾಣದ ಗಡಿಯಾರವನ್ನು ವಾಪಸ್ ಕೊಟ್ಟರು. ಈ ಪ್ರಸಂಗ ನನಗೆ ತುಂಬ ಇಷ್ಟ. ನೆಲಮಾಳಿಗೆಯ ನೀರು ಹೊರಹಾಕಿ ಕಟ್ಟಡ ಒಣಗಿಸುವುದೇ ಮೊದಲ ದೊಡ್ಡ ಕೆಲಸ ಆಗಿತ್ತು. 2024ರ ಜೂನ್‌ನಲ್ಲಿ ತೆರೆಯಿತು. ಅಲ್ಲೂ ತೆರಿಗೆ ರಿಯಾಯಿತಿಯ ರೂಪದಲ್ಲಿ ಸಾರ್ವಜನಿಕ ಹಣ ಸೇರಿದೆ. ಆದರೆ ಅಂಥ ಕಂಪನಿ ಎಲ್ಲ ಊರಿಗೂ ಸಿಗುವುದಿಲ್ಲ. ನಿಮ್ಮ ಹೂಡಿಕೆದಾರರಿಗೆ ಮೂರು ಪ್ರಶ್ನೆ ಕೇಳಿ. ಸೂರಿನ ಕೆಲಸ ಮೊದಲು ಮಾಡುತ್ತೀರಾ, ಅಂಗಡಿ ಮೊದಲಾ? ವ್ಯಾಪಾರ ನಿಂತರೆ ಕಟ್ಟಡ ಯಾವ ಸ್ಥಿತಿಯಲ್ಲಿ ವಾಪಸ್ ಬರುತ್ತದೆ? ಹಾಲ್‌ಗೆ, ಪ್ಲಾಟ್‌ಫಾರ್ಮಿಗೆ ಜನ ಹಣ ಕೊಡದೆ ಬರಬಹುದಾ? ಉತ್ತರ ಬರಹದಲ್ಲಿ ಬರದಿದ್ದರೆ ಮುಂದೆ ಹೋಗಬೇಡಿ.

ಮಾಲ್ ಬಗ್ಗೆ ನನಗೆ ಇನ್ನೊಂದು ಅನುಮಾನ ಇದೆ. ಸಣ್ಣ ನಿಲ್ದಾಣದ ಕಟ್ಟಡ ಉದ್ದಕ್ಕೆ, ಸಪೂರವಾಗಿ ಇರುತ್ತದೆ. ಟಿಕೆಟ್ ಕೋಣೆ, ಕಾಯುವ ಹಾಲ್, ಪಾರ್ಸೆಲ್ ಕೋಣೆ, ಮಾಸ್ತರರ ಕೋಣೆ, ಎಲ್ಲ ಸಾಲಾಗಿ. ಪ್ರತಿಯೊಂದಕ್ಕೂ ಪ್ಲಾಟ್‌ಫಾರ್ಮ್ ಕಡೆ ಬೇರೆ ಬಾಗಿಲು. ಅದನ್ನು ಒಡೆದು ಒಂದು ದೊಡ್ಡ ಜಾಗ ಮಾಡಿದರೆ ಕಟ್ಟಡ ಸಾಯುತ್ತದೆ. ಇದ್ದ ಹಾಗೇ ಬಿಟ್ಟರೆ ನಾಲ್ಕೈದು ಸಣ್ಣ ಬಾಡಿಗೆದಾರರಿಗೆ ಹೇಳಿ ಮಾಡಿಸಿದ ಹಾಗಿದೆ. ಒಬ್ಬರು ಬಿಟ್ಟುಹೋದರೂ ಉಳಿದವರು ಇರುತ್ತಾರೆ.

ಹಂತ ಹಂತವಾಗಿ ಹೋಗುವುದು ನಾಲ್ಕನೇ ದಾರಿ. ನಾನು ನಿಮ್ಮ ಜಾಗದಲ್ಲಿದ್ದರೆ ಇದನ್ನೇ ಹಿಡಿಯುತ್ತಿದ್ದೆ. ಮೊದಲು ಸೂರು ಮತ್ತು ನೀರು. ಆಮೇಲೆ ಗಟ್ಟಿಯಾಗಿರುವ ಒಂದು ಕೋಣೆ ಸರಿಮಾಡಿ, ಪರವಾನಗಿ ತೆಗೆದುಕೊಂಡು, ಜನರಿಗೆ ತೆರೆಯಿರಿ. ಸಿನ್ಸಿನಾಟಿಯ ಸುಳಿವು ಅಂದೆನಲ್ಲ, ಇದೇ ಅದು. ಒಳಗೆ ಕಾಲಿಟ್ಟು ಬಂದವರು ಊರಿನ ಸಭೆಯಲ್ಲಿ ಬೇರೆ ಥರ ಮಾತಾಡುತ್ತಾರೆ. ಇದಕ್ಕೂ ತೊಡಕಿದೆ. ಕೆಲಸ ಎಳೆಯುತ್ತದೆ, ಪ್ರತಿ ಹಂತಕ್ಕೂ ಮಚಾನು ಮತ್ತೆ ಕಟ್ಟಬೇಕು, ಒಟ್ಟು ಖರ್ಚು ಸ್ವಲ್ಪ ಏರುತ್ತದೆ, ಹತ್ತು ಜನರ ಸಮಿತಿ ದಣಿಯುತ್ತದೆ.

ಹಣ ಕೇಳುವಾಗ

ಮೊದಲು ಜಾಗ ಯಾರದ್ದು ಅಂತ ನೋಡಿ. ಕಟ್ಟಡ ಒಬ್ಬರದ್ದು, ಕೆಳಗಿನ ನೆಲ ಇನ್ನೊಬ್ಬರದ್ದು, ಬರುವ ದಾರಿ ಮೂರನೆಯವರದ್ದು, ನಿಲ್ದಾಣಗಳಲ್ಲಿ ಇದು ಸಾಮಾನ್ಯ. ಗುತ್ತಿಗೆಯ ಅವಧಿ ಅನುದಾನದ ಷರತ್ತಿಗಿಂತ ಉದ್ದ ಇರಲೇಬೇಕು. ಕೊಟ್ಟವರು ಇಂತಿಷ್ಟು ವರ್ಷ ಇದೇ ಬಳಕೆಯಲ್ಲಿರಬೇಕು ಅನ್ನುತ್ತಾರೆ. ಅಷ್ಟರೊಳಗೆ ಗುತ್ತಿಗೆ ಮುಗಿದರೆ ಹಣ ವಾಪಸ್ ಕೇಳಬಹುದು. ನಾನು 25 ವರ್ಷಕ್ಕಿಂತ ಕಮ್ಮಿಗೆ ಒಪ್ಪಬೇಡಿ ಅನ್ನುತ್ತೇನೆ.

ಇನ್ನೊಂದು ಗುಂಡಿ, ಹಣ ಬರುವ ಹೊತ್ತು. ಎಷ್ಟೋ ಅನುದಾನಗಳು ಮುಂಗಡ ಕೊಡುವುದಿಲ್ಲ. ನೀವು ಖರ್ಚು ಮಾಡಿ ಬಿಲ್ ಕೊಟ್ಟ ಮೇಲೆ ಮರುಪಾವತಿ. ನಾನು ಹೇಳಿದ ಅಮೆರಿಕದ ಸಾರಿಗೆ ನಿಧಿ ಹಾಗೆಯೇ ನಡೆಯುತ್ತಿತ್ತು. ಸಾಮಾನ್ಯವಾಗಿ ನೂರಕ್ಕೆ ಎಂಬತ್ತು ಅವರದು, ಇಪ್ಪತ್ತು ಊರಿನದು. ಅಲ್ಲಿನ ಕೇಂದ್ರ ಸರ್ಕಾರ ಪಾರಂಪರಿಕ ಕಟ್ಟಡಗಳ ದುರಸ್ತಿಗೆ ಖರ್ಚಿನ ನೂರಕ್ಕೆ ಇಪ್ಪತ್ತರಷ್ಟು ತೆರಿಗೆ ವಿನಾಯಿತಿ ಕೊಡುತ್ತದೆ. ಅದು ಆದಾಯ ತರುವ ಕಟ್ಟಡಕ್ಕೆ ಮಾತ್ರ. ಕೆಲಸ ಮುಗಿದ ಮೇಲೆ, ಐದು ವರ್ಷಕ್ಕೆ ಹಂಚಿ ಸಿಗುತ್ತದೆ. ನಿಮ್ಮಲ್ಲಿ ನಿಯಮ ಏನೇ ಇರಲಿ, ಈ ಒಂದು ಪ್ರಶ್ನೆ ಕೇಳಿ: ಗುತ್ತಿಗೆದಾರರಿಗೆ ಮೊದಲ ಬಿಲ್ ಕಟ್ಟುವ ದಿನ ನಮ್ಮ ಖಾತೆಯಲ್ಲಿ ಹಣ ಇರುತ್ತದಾ? ಒಳ್ಳೆಯ ಯೋಜನೆಗಳು ಹಣ ಇಲ್ಲದೆ ಅಲ್ಲ, ಹಣ ತಡವಾಗಿ ಬಂದದ್ದಕ್ಕೆ ನಿಂತುಹೋದದ್ದನ್ನು ಕಂಡಿದ್ದೇನೆ.

ಎಷ್ಟು ಕೇಳಬೇಕು ಅಂದಿರಿ. ಸರ್ವೆ ಆಗದೆ ಅಂಕಿ ಹೇಳಬೇಡಿ. ಪತ್ರಿಕೆಯಲ್ಲಿ ಒಮ್ಮೆ ಬಂದ ಅಂಕಿ ಕೊನೆಯ ತನಕ ನಿಮ್ಮನ್ನು ಬಿಡುವುದಿಲ್ಲ. ಮೊದಲ ಅರ್ಜಿ ತುರ್ತು ಸೂರಿಗೆ ಮತ್ತು ಸರ್ವೆಗೆ ಮಾತ್ರ ಇರಲಿ. ಸರ್ವೆ ಅಂದರೆ ಗೋಡೆ, ಕಂಬ, ತೊಲೆ ಬಿಚ್ಚಿ ನೋಡಿ ಬರೆದದ್ದು, ದೂರದಿಂದ ಫೋಟೊ ತೆಗೆದದ್ದಲ್ಲ. ದೊಡ್ಡ ಅಂದಾಜಿನಲ್ಲಿ ಅನಿರೀಕ್ಷಿತ ಖರ್ಚಿಗೆ ನಾನು ನೂರಕ್ಕೆ ಇಪ್ಪತ್ತಕ್ಕಿಂತ ಕಮ್ಮಿ ಇಡುವುದಿಲ್ಲ. ಕಡಿಮೆ ತೋರಿಸಿದರೆ ಮಂಜೂರಾಗುವುದು ಸುಲಭ. ಆದರೆ ನಡುವೆ ನಿಂತ ಕಟ್ಟಡ, ಚಾವಣಿ ಬಿಚ್ಚಿಟ್ಟು ನಿಂತದ್ದು, ಶುರುವಿಗಿಂತ ಕೆಟ್ಟ ಸ್ಥಿತಿಯಲ್ಲಿರುತ್ತದೆ.

ಟೆಂಡರ್ ವಿಷಯದಲ್ಲಿ ಒಂದೇ ಮಾತು. ಅತಿ ಕಡಿಮೆ ದರಕ್ಕೆ ಕೊಡಬೇಕು ಅನ್ನುವ ನಿಯಮ ಇದ್ದರೂ, ಯಾರು ದರ ಹಾಕಬಹುದು ಅನ್ನುವ ಅರ್ಹತೆಯನ್ನು ಬಿಗಿ ಮಾಡಬಹುದು. ಸುಣ್ಣದ ಗಾರೆಯ ಕೆಲಸ ಮಾಡಿದ ಅನುಭವ ಕೇಳಿ. ಅವರ ಕೈಯಲ್ಲಿ ಒಂದು ಚದರ ಮೀಟರ್ ಗೋಡೆಯನ್ನು ಮಾದರಿಗೆ ಮಾಡಿಸಿ ನೋಡಿ.

ಇನ್ನು ನಿರ್ವಹಣೆ. ಸಾರ್ವಜನಿಕ ಅನುದಾನ ಹೆಚ್ಚಾಗಿ ಕಟ್ಟುವುದಕ್ಕೆ ಸಿಗುತ್ತದೆ, ನಡೆಸುವುದಕ್ಕೆ ಸಿಗುವುದಿಲ್ಲ. ನಾನು ಹಾಕುವ ಅಂದಾಜು, ದುರಸ್ತಿಯ ಖರ್ಚಿನ ನೂರಕ್ಕೆ ಒಂದೂವರೆಯಿಂದ ಎರಡರಷ್ಟು, ಪ್ರತಿ ವರ್ಷ, ಬೇರೆ ಖಾತೆಯಲ್ಲಿ. ಬಾಡಿಗೆಯಿಂದ ಬರಲಿ, ಪುರಸಭೆಯ ಠರಾವಿನಿಂದ ಬರಲಿ, ಯಾರಿಂದ ಎಷ್ಟು ಅಂತ ದೊಡ್ಡ ಅರ್ಜಿಯಲ್ಲೇ ಸೇರಿಸಿ. ಅದನ್ನು ಬರೆಯಲು ನಿಮ್ಮ ಹತ್ತಿರ ಹೆಸರುಗಳಿಲ್ಲದಿದ್ದರೆ ದೊಡ್ಡ ಅರ್ಜಿಗೆ ಇನ್ನೂ ಹೊತ್ತಾಗಿಲ್ಲ ಅಂತ ಅರ್ಥ. ಆಗ ಸಣ್ಣ ಅರ್ಜಿ ಹಾಕಿ, ಸಮಯ ಗಳಿಸಿಕೊಳ್ಳಿ. ಶಾಲೆಯ ವಿಷಯ ಎತ್ತಿದವರಲ್ಲಿ ಒಬ್ಬರನ್ನು ಸಮಿತಿಗೆ ಕರೆಯಿರಿ. ಲೆಕ್ಕ ನೋಡುವ ಕೆಲಸ ಅವರಿಗೇ ಕೊಡಿ.

ಈ ವಾರ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಮುಂದಿನ ಸಲ ಜೋರು ಮಳೆ ಬಂದಾಗ, ನೋಡಿಕೊಳ್ಳುವವರ ಅನುಮತಿ ಪಡೆದು, ಇಬ್ಬರು ಕೊಡೆ ಹಿಡಿದು ನಿಲ್ದಾಣಕ್ಕೆ ಹೋಗಿ. ಕುಸಿದ ಮೂಲೆಯ ಕೆಳಗೆ ಮಾತ್ರ ನಿಲ್ಲಬೇಡಿ. ನೀರು ಎಲ್ಲಿಂದ ಇಳಿಯುತ್ತದೆ, ಯಾವ ಕಂಬದ ಬುಡದಲ್ಲಿ ಹೊರಗೆ ಬರುತ್ತದೆ, ಯಾವುದರಲ್ಲಿ ಬರುವುದಿಲ್ಲ ಅನ್ನುವುದನ್ನೆಲ್ಲ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಕಂಬಗಳಿಗೆ ಒಂದು, ಎರಡು ಅಂತ ಸಂಖ್ಯೆ ಕೊಟ್ಟು ಹಾಳೆಯಲ್ಲಿ ಬರೆದಿಡಿ. ನಿಮ್ಮ ಮೊದಲ ಅರ್ಜಿಯ ಮೊದಲ ಪುಟಕ್ಕೆ ಆ ಹಾಳೆ ಸಾಕು. ಅದರ ಒಂದು ಪ್ರತಿ ನನಗೂ ಕಳಿಸಿ, ನೋಡಿ ಹೇಳುತ್ತೇನೆ.